ಕರಕಿಗೆ ನೀರು ಹಾಕುವವರು

ಯಾವ ಗಾಲ್ಫ್ ರೆಸಾರ್ಟಿನ ವೆಬ್‌ಸೈಟ್ ಬೇಕಾದರೂ ತೆರೆಯಿರಿ, ಫೋಟೊ ಒಂದೇ. ಬೆಳಗಿನ ಆರೂವರೆಯ ಓರೆ ಬಿಸಿಲು, ಅಲೆಅಲೆಯಾಗಿ ಇಳಿಯುವ ಹಸಿರು, ನಡುವೆ ಸಣ್ಣದೊಂದು ಕೊಳ, ಕೊಳದಾಚೆ ತೆಂಗಿನಮರ ಇಲ್ಲವೇ ಬೆಟ್ಟ. ಮನುಷ್ಯರಿದ್ದರೆ ಇಬ್ಬರು, ಬಿಳಿ ಬಟ್ಟೆ, ಬೆನ್ನು ನಮ್ಮ ಕಡೆಗೆ. ಕೆಳಗಿನ ಬರಹವೂ ಒಂದೇ: ಚಾಂಪಿಯನ್‌ಶಿಪ್ ಕೋರ್ಸ್, ಸಿಗ್ನೇಚರ್ ಹೋಲ್, ವರ್ಲ್ಡ್ ಕ್ಲಾಸ್. ಬಿಡದಿಯದು ನಂದಿ ಬೆಟ್ಟದ ಬುಡದ್ದಕ್ಕಿಂತ ಹೇಗೆ ಬೇರೆ, ಅದು ಗೋವಾದ ಕಾಣಕೋಣದ್ದಕ್ಕಿಂತ ಹೇಗೆ ಬೇರೆ, ಕೊಡಗಿನದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅಂತ ಹೇಳುವ ಒಂದು ಸಾಲೂ ಸಿಗಲ್ಲ. ಹಾಗಾಗಿ ಲಾಂಗ್ ವೀಕೆಂಡಿಗೆ ರೆಸಾರ್ಟ್ ಹುಡುಕುವ ನಮ್ಮಂಥವರು ಕೋರ್ಸನ್ನು ಆರಿಸೋದೇ ಇಲ್ಲ. ರೂಮಿನ ರೇಟು, ಬ್ರೇಕ್‌ಫಾಸ್ಟ್ ಬಫೆ, ಪೂಲಿನ ಸೈಜು, ಮನೆಯಿಂದ ಎಷ್ಟು ಟೋಲ್ ಗೇಟು ಅಂತ ನೋಡ್ತೀವಿ. ಗಾಲ್ಫ್ ಬರೀ ವಾಲ್‌ಪೇಪರ್.

ಸಿನಿಮಾ ನೋಡಿ ಬಂದರೆ ನಾಲ್ಕು ಪುಟ ವಿಮರ್ಶೆ ಬರೀತೀವಿ, ದೋಸೆ ತಿಂದರೂ ಬರೀತೀವಿ. ಐವತ್ತು-ನೂರು ಎಕರೆ ನೆಲವನ್ನು ಕೆತ್ತಿ ಮಾಡಿದ ವಸ್ತುವಿಗೆ ಮಾತ್ರ ಐದು ಸ್ಟಾರ್ ಕೊಟ್ಟು 'ಸ್ಟಾಫ್ ವೆರಿ ಪೊಲೈಟ್' ಅಂತ ಬರೆದು ಸುಮ್ಮನಾಗ್ತೀವಿ. ಇದು ನನಗೆ ಅನ್ಯಾಯ ಅನ್ನಿಸುತ್ತೆ, ಗಾಲ್ಫಿಗೂ ಸೇರಿಸಿ. ನಾನು ಆ ಆಟದ ವಿರೋಧಿಯಲ್ಲ. ಆಫೀಸಿನವರ ಜೊತೆ ಡ್ರೈವಿಂಗ್ ರೇಂಜಿಗೆ ಹೋಗಿ ಶುರುವಾದ ಚಟ ಇನ್ನೂ ಬಿಟ್ಟಿಲ್ಲ. ಚೆಂಡು ಸರಿಯಾಗಿ ಸಿಕ್ಕಾಗ ಕೈಗೆ ಏನೂ ತಗುಲದ ಹಾಗೆ ಹೋಗುತ್ತಲ್ಲ, ಆ ಸುಖ ಗೊತ್ತು. ಆದರೆ ನಾನು ಬೆಳೆದದ್ದು ವಾಡಿ ಕಡೆ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಎಲ್ಲ ಒಂದು ಬಸ್ಸಿನ ದೂರ. ಅಲ್ಲಿ ನೆಲ ಅಂದ್ರೆ ಮೇಲೆ ತೊಗರಿ, ಕೆಳಗೆ ಸುಣ್ಣದಕಲ್ಲು. ಎರಡಕ್ಕೂ ಬೆಲೆ ಇದೆ, ಎರಡನ್ನೂ ಯಾರೋ ಅಳೆದಿರ್ತಾರೆ. ಅಂಥ ಕಡೆಯಿಂದ ಬಂದವನಿಗೆ ನೂರು ಎಕರೆ ಖಾಲಿ ಹಸಿರು ಕಂಡರೆ ಮೊದಲು ಬರುವ ಪ್ರಶ್ನೆ, ಇದು ಮೊದಲು ಏನಾಗಿತ್ತು?

ಈ ಪ್ರಶ್ನೆ ಗಾಲ್ಫಿಗೆ ಹೊರಗಿನದೇನಲ್ಲ. ಆಟ ಹುಟ್ಟಿದ್ದೇ ಆ ಪ್ರಶ್ನೆಗೆ ಉತ್ತರವಾಗಿ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವೆ ಮರಳುದಿಬ್ಬದ ಪಟ್ಟಿ ಇರುತ್ತೆ, ಅದಕ್ಕೆ ಲಿಂಕ್ಸ್ ಅಂತಾರೆ. ಬಿತ್ತೋಕೆ ಬರಲ್ಲ, ಕಟ್ಟೋಕೆ ಬರಲ್ಲ. ಕುರಿ ಮೇಯ್ತಿದ್ದವು, ಮೇಯ್ದು ಹುಲ್ಲು ಮೊಟಕಾಗಿರ್ತಿತ್ತು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿ ಒತ್ತಿಕೊಂಡು ಮಲಗಿದ ಗುಂಡಿಗಳೇ ಮುಂದೆ ಬಂಕರ್ ಆದವು ಅಂತ ಹೇಳೋ ಕಥೆಯೂ ಇದೆ. ಅಲ್ಲಿ ನೆಲ ಮೊದಲು, ಆಟ ಆಮೇಲೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಇವತ್ತಿಗೂ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಸಾರ್ವಜನಿಕ ಜಾಗ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟ ಬಂದ್. ಊರವರು ನಾಯಿ ಕರ್ಕೊಂಡು, ಮಕ್ಕಳನ್ನು ಕರ್ಕೊಂಡು ಅದರ ಮೇಲೆ ವಾಕಿಂಗ್ ಹೋಗ್ತಾರೆ. ಜಗತ್ತಿನ ಅತಿ ಪ್ರಸಿದ್ಧ ಕೋರ್ಸಿನ ಬಗ್ಗೆ ನನಗೆ ಅತಿ ಇಷ್ಟವಾದ ಸಂಗತಿ ಇದೇ. ನಮ್ಮಲ್ಲಿ ಯಾವ ರೆಸಾರ್ಟಿನ ಗೇಟಿನಲ್ಲಾದರೂ ಭಾನುವಾರ ನಿಂತು 'ಸ್ವಲ್ಪ ಅಡ್ಡಾಡಿ ಬರ್ತೀನಿ' ಅಂದು ನೋಡಿ, ಸೆಕ್ಯುರಿಟಿಯವನ ಮುಖ ಹೇಗಾಗುತ್ತೆ ಅಂತ.

ಬಿಸಿ ಸೀಮೆಗೆ ಬರೋಹೊತ್ತಿಗೆ ಈ ಕ್ರಮ ತಲೆಕೆಳಗಾಯಿತು. ಮೊದಲು ಆಟ, ಆಮೇಲೆ ಅದಕ್ಕೆ ತಕ್ಕ ನೆಲ. ಬೇಕಾದ ಇಳಿಜಾರನ್ನು ಜೆಸಿಬಿ ಮಾಡುತ್ತೆ, ಕೊಳವನ್ನು ಪ್ಲಾಸ್ಟಿಕ್ ಹಾಳೆ ಹಿಡಿದಿಡುತ್ತೆ, ಹಸಿರನ್ನು ಪಂಪು ಕೊಡುತ್ತೆ. ಹೀಗೆ ಮಾಡಿದ ಕೋರ್ಸು ಎಲ್ಲಿ ಬೇಕಾದರೂ ಇರಬಹುದು, ಫೋಟೊಗಳೆಲ್ಲ ಒಂದೇ ಥರ ಇರೋದಕ್ಕೆ ಕಾರಣ ಅದೇ. ಹಾಗಾಗಿ ನನ್ನ ಅಳತೆಗೋಲು ಸರಳ: ಈ ಕೋರ್ಸನ್ನು ಎತ್ತಿ ಇನ್ನೊಂದು ಜಿಲ್ಲೆಯಲ್ಲಿ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತಾ? ಗೊತ್ತಾಗದಿದ್ದರೆ ಅದು ಎಷ್ಟೇ ಚೆನ್ನಾಗಿರಲಿ, ರಜೆ ಹಾಕಿ ಹೋಗುವಂಥದ್ದಲ್ಲ.

ಹುಲ್ಲಿನಿಂದಲೇ ಶುರು ಮಾಡೋಣ. ನಮ್ಮ ದೇಶದ ಬಹುಪಾಲು ಕೋರ್ಸುಗಳಲ್ಲಿ ಬೆಳೆಸೋದು ಬರ್ಮುಡಾ ಹುಲ್ಲು ಇಲ್ಲವೇ ಅದರ ಹೈಬ್ರಿಡ್. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಎಂಬ ಊರಿನಲ್ಲಿ ತಳಿ ಮಾಡಿದ್ದರಿಂದ ಅವುಗಳ ಹೆಸರಲ್ಲಿ 'ಟಿಫ್' ಅಂತ ಇರುತ್ತೆ, ಟಿಫ್‌ವೇ, ಟಿಫ್‌ಡ್ವಾರ್ಫ್ ಅಂತೆಲ್ಲ. ಕೇಳೋಕೆ ದೊಡ್ಡದು. ಮೂಲ ಬರ್ಮುಡಾ ಮಾತ್ರ ನಮ್ಮ ಗರಿಕೆ, ಗಣಪತಿಗೆ ಏರಿಸ್ತೀವಲ್ಲ, ಅದೇ. ನಮ್ಮ ಕಡೆ ಕರಕಿ ಅಂತಾರೆ.

ಒಮ್ಮೆ ಊರಿಗೆ ಹೋದಾಗ ಸೇಡಂ ಹತ್ತಿರ ಹೊಲ ಇರುವ ನಮ್ಮ ಕಾಕಾಗೆ ಮೊಬೈಲಿನಲ್ಲಿ ಕೋರ್ಸಿನ ಫೋಟೊ ತೋರಿಸ್ತಿದ್ದೆ. 'ಯಾರ ಹೊಲ ಅದಪ್ಪಾ ಇದು? ಏನು ಹಾಕ್ಯಾರ?' ಅಂದರು. 'ಹುಲ್ಲು ಕಾಕಾ.' 'ದನಕ್ಕೇನು?' 'ಇಲ್ರಿ, ದನ ಬಿಡಂಗಿಲ್ಲ. ಆಟ ಆಡ್ತಾರ.' ಕಾಕಾ ಕನ್ನಡಕ ಹಾಕ್ಕೊಂಡು ಫೋಟೊ ದೊಡ್ಡದು ಮಾಡಿ ನೋಡಿದರು. 'ಏ ತಮ್ಮಾ, ಕರಕಿ ಅದ ನೋಡಿದು! ಇದನ್ನ ತೆಗಸಲಿಕ್ಕ ನಾ ರೊಕ್ಕ ಕೊಡ್ತೀನಿ, ಬೆಳಸಲಿಕ್ಕ ಅವರು ಕೊಡ್ತಾರ. ಇಬ್ರೊಳಗ ಶಾಣ್ಯಾ ಯಾರು?'

ಕರಿಮಣ್ಣಿನ ಹೊಲಕ್ಕೆ ಕರಕಿ ಬಿತ್ತು ಅಂದ್ರೆ ರೈತನ ನಿದ್ದೆ ಹೋಯ್ತು. ಮೇಲೆ ಕೆತ್ತಿದರೆ ಹೋಗಲ್ಲ. ಬೇರು ಆಳಕ್ಕೆ ಇಳಿದಿರುತ್ತೆ, ಒಂದು ಗೆಣ್ಣು ಉಳಿದರೂ ಮುಂಗಾರಿಗೆ ಮತ್ತೆ ಹಬ್ಬುತ್ತೆ. ಬೇಸಿಗೆಯಲ್ಲಿ ನೆಲವನ್ನು ಆಳಕ್ಕೆ ಅಗೆಸಿ, ಬೇರನ್ನು ಆರಿಸಿ, ಬಿಸಿಲಿಗೆ ಹಾಕಿ ಒಣಗಿಸಬೇಕು. ಅಂದರೆ ಕರಕಿಗೆ ಬದುಕೋಕೆ ಹೆಚ್ಚು ನೀರೇ ಬೇಡ. ಬೇಸಿಗೆಯಲ್ಲಿ ಅದು ಕಂದಾಗುತ್ತೆ, ಸತ್ತ ಹಾಗೆ ನಟಿಸುತ್ತೆ, ಮಳೆ ಬಿದ್ದರೆ ಎದ್ದು ಕೂರುತ್ತೆ. ನೀರು ಬೇಕಾಗಿರೋದು ಏಪ್ರಿಲಿನಲ್ಲೂ ಅದು ಹಸಿರಾಗಿಯೇ ಕಾಣಬೇಕು ಅನ್ನೋ ನಮ್ಮ ಹಟಕ್ಕೆ. ಫೋಟೊದಲ್ಲಿ ಹಾಗಿತ್ತಲ್ಲ!

ಆ ಹಟದ ಲೆಕ್ಕ ಮಾಡೋದು ಕಷ್ಟವಲ್ಲ. ಹದಿನೆಂಟು ಹೋಲಿನ ಕೋರ್ಸಿನಲ್ಲಿ ನೀರು ಉಣಿಸುವ ಹುಲ್ಲು 40 ಎಕರೆ ಅಂತ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತೆ, ಅಷ್ಟನ್ನು ವಾಪಸ್ ಕೊಡಬೇಕು ಅಂತ ಹಿಡಿಯಿರಿ. 40 ಎಕರೆ ಅಂದರೆ ಸುಮಾರು 1 ಲಕ್ಷ 62 ಸಾವಿರ ಚದರ ಮೀಟರ್. ಗುಣಿಸಿದರೆ ದಿನಕ್ಕೆ 8 ಲಕ್ಷ ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಅನ್ನುತ್ತೆ. 14 ಸಾವಿರಕ್ಕೂ ಹೆಚ್ಚು ಜನರ ಪಾಲು. ಸೇಡಂ ತಾಲ್ಲೂಕಿನ ಎಷ್ಟು ಹಳ್ಳಿ ಸೇರಿದರೆ ಅಷ್ಟಾಗುತ್ತೆ ಅಂತ ಊರು ಗೊತ್ತಿರುವವರು ಬೆರಳು ಮಡಚಿ ಎಣಿಸಿಕೊಳ್ಳಬಹುದು.

ಇದಕ್ಕೆ ಕೋರ್ಸಿನವರ ಹತ್ತಿರ ಒಳ್ಳೆಯ ಉತ್ತರವೊಂದಿದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಕೊಳಚೆ ನೀರನ್ನು ಶುದ್ಧಮಾಡಿ ಹುಲ್ಲಿಗೆ ಬಿಟ್ಟರೆ ಅದು ಯಾರ ಬಾಯಿಂದಲೂ ಕಿತ್ತ ನೀರಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರುಗಳು ಒಣಗಿ, ಕುಡಿಯುವ ನೀರನ್ನು ಕಾರು ತೊಳೆಯಲು, ಗಾರ್ಡನ್ನಿಗೆ ಬಳಸಿದರೆ 5 ಸಾವಿರ ದಂಡ ಅಂತ ಜಲಮಂಡಳಿ ಹೇಳಿದಾಗ, ಈ ವ್ಯವಸ್ಥೆ ಇದ್ದವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತಾಯಿತು. ಹಾಗಾಗಿ ಬುಕ್ ಮಾಡುವ ಮೊದಲು ಫೋನಿನಲ್ಲಿ 'ನಿಮ್ಮ ಹುಲ್ಲಿಗೆ ಯಾವ ನೀರು?' ಅಂತ ಕೇಳಿ. ನಾನು ಕೇಳ್ತೀನಿ. ಕೆಲವರು ಹೆಮ್ಮೆಯಿಂದ ಎಸ್‌ಟಿಪಿ ಬಗ್ಗೆ ಐದು ನಿಮಿಷ ಹೇಳ್ತಾರೆ. ಕೆಲವರು 'ಸರ್, ಸ್ಪಾ ಪ್ಯಾಕೇಜ್ ಬೇಕಾ?' ಅಂತಾರೆ. ಅಲ್ಲೇ ಅರ್ಧ ಆಯ್ಕೆ ಮುಗೀತು.

ಇನ್ನು ನೆಲದ ಮಾತು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ದಂಡು ಪ್ರದೇಶದ ಸಾಹೇಬರು ಮಾಡಿಕೊಂಡದ್ದು, ಅದರ ಕಥೆ ನೇರ. ದೊಮ್ಮಲೂರಿನಾಚೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್ ಇನ್ನೂ ಸ್ವಾರಸ್ಯದ್ದು. ವಿನ್ಯಾಸ ಪೀಟರ್ ಥಾಮ್ಸನ್ ಅವರದು, ಬ್ರಿಟಿಷ್ ಓಪನ್ ಐದು ಸಲ ಗೆದ್ದ ಆಸ್ಟ್ರೇಲಿಯದ ಆಟಗಾರ. ಆಟವಾಗಿ ನೋಡಿದರೆ ನಾಡಿನ ಅತ್ಯುತ್ತಮ ಕೋರ್ಸುಗಳಲ್ಲಿ ಒಂದು, ಅನುಮಾನವಿಲ್ಲ. ಆದರೆ ಅದು ಇರೋದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಕೋರಮಂಗಲ-ಚಲ್ಲಘಟ್ಟ ಕಣಿವೆ ಅಂತ ಈಗಲೂ ಸರ್ಕಾರಿ ಕಡತದಲ್ಲಿ ಹೆಸರು ಬರುತ್ತೆ, ನೀರು ಬೆಳ್ಳಂದೂರಿಗೆ ಹೋಗುವ ದಾರಿ. ಕೆರೆ ಹೋದ ಜಾಗದಲ್ಲಿ ಚೆಂಡು ಬೀಳಿಸಲಿಕ್ಕೆ ಅಂತ ಕೊಳ ಇಟ್ಟಿದ್ದಾರೆ, ಅದಕ್ಕೆ ವಾಟರ್ ಹಜಾರ್ಡ್ ಅಂತ ಹೆಸರು. ಅದೇ ಕಣಿವೆಯ ಕೆಳಗಿನ ಅಪಾರ್ಟ್‌ಮೆಂಟುಗಳಿಗೆ ಮಳೆಗಾಲದಲ್ಲಿ ನುಗ್ಗುವುದೂ ವಾಟರ್ ಹಜಾರ್ಡೇ. ಬಿಡಿ, ಇದಕ್ಕೆ ಗಾಲ್ಫೊಂದೇ ಕಾರಣ ಅಂತ ಯಾರೂ ಹೇಳಲಾರರು. ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿದ್ದೀವಿ, ಸ್ಟೇಡಿಯಂ ಮಾಡಿದ್ದೀವಿ. ಗಾಲ್ಫ್ ಮಾಡಿದ್ದರಿಂದ ಕಡೇಪಕ್ಷ ಮಳೆ ಇಂಗುವ ಮಣ್ಣು ಉಳಿಯಿತು ಅಂತಲೂ ವಾದಿಸಬಹುದು. ಸದಸ್ಯರ ಕ್ಲಬ್ಬು ಅನ್ನೋ ಕಾರಣಕ್ಕೆ ರಜೆಯ ಪಟ್ಟಿಯಿಂದ ಅದು ಹೇಗೂ ಹೊರಗೆ.

ರಜೆಯ ಪಟ್ಟಿಯಲ್ಲಿ ಮೊದಲು ಬರೋದು ಬಿಡದಿಯ ಈಗಲ್‌ಟನ್. ಅಲ್ಲಿನ 77 ಎಕರೆ ಸರ್ಕಾರಿ ಜಮೀನು ಅಂತ ಸರ್ಕಾರ ಹೇಳಿತು, ಅದಕ್ಕೆ 982 ಕೋಟಿ ರೂಪಾಯಿ ಬೆಲೆ ಕಟ್ಟಿತು, ಸಂಸ್ಥೆ ಅದನ್ನು ಪ್ರಶ್ನಿಸಿತು. ಆ ವ್ಯಾಜ್ಯದ ಒಳಹೊರಗು ನನ್ನ ವಿಷಯವಲ್ಲ. ನನ್ನ ವಿಷಯ ಏನಂದ್ರೆ, ಕನ್ನಡಿಗರ ಮಟ್ಟಿಗೆ ಗಾಲ್ಫ್ ರೆಸಾರ್ಟ್ ಅನ್ನೋ ಕಲ್ಪನೆ ರೂಪುಗೊಂಡದ್ದು ಆಟಗಾರರಿಂದಲ್ಲ, ಶಾಸಕರಿಂದ. 2017ರಲ್ಲಿ ಗುಜರಾತಿನ 44 ಕಾಂಗ್ರೆಸ್ ಶಾಸಕರು ಈಗಲ್‌ಟನ್‌ಗೆ ಬಂದಿಳಿದರು. 2018ರ ಮೇ ತಿಂಗಳಲ್ಲಿ ನಮ್ಮವರೇ ಹೋದರು. 2019ಕ್ಕಂತೂ ಮೂರೂ ಪಕ್ಷ ಪಾಲು ಪಡೆದವು. ಜನವರಿಯಲ್ಲಿ ಬಿಜೆಪಿ ಶಾಸಕರು ಗುರುಗ್ರಾಮದ ಕಡೆಯ ಐಟಿಸಿ ಗ್ರ್ಯಾಂಡ್ ಭಾರತ್‌ನಲ್ಲಿ ತಂಗಿದರು, ಅದರ ಪಕ್ಕದಲ್ಲೇ ಜ್ಯಾಕ್ ನಿಕ್ಲಾಸ್ ವಿನ್ಯಾಸದ 27 ಹೋಲಿನ ಕೋರ್ಸ್. ಅದೇ ತಿಂಗಳು ಕಾಂಗ್ರೆಸ್ಸಿನವರು ಬಿಡದಿಗೆ. ಜುಲೈನಲ್ಲಿ ಜೆಡಿಎಸ್‌ನವರು ನಂದಿ ರಸ್ತೆಯ ಪ್ರೆಸ್ಟೀಜ್ ಗಾಲ್ಫ್‌ಶೈರ್‌ಗೆ. ಒಂದೇ ವರ್ಷ, ಮೂರು ಪಕ್ಷ, ಮೂರು ಗಾಲ್ಫ್ ಕೋರ್ಸ್. ಯಾರಾದರೂ ಒಂದು ಹೋಲ್ ಆಡಿದರು ಅಂತ ಯಾವ ಚಾನೆಲ್ಲಿನವರೂ ತೋರಿಸಲಿಲ್ಲ. ಬಿಡದಿಯಲ್ಲಂತೂ ಇಬ್ಬರು ಶಾಸಕರ ನಡುವೆ ಗಲಾಟೆಯಾಗಿ ಒಬ್ಬರು ಆಸ್ಪತ್ರೆ ಸೇರಿದರು.

ನಮ್ಮ ಕಡೆಯವರಿಗೆ ಇದು ಬರೀ ಟೀವಿ ತಮಾಷೆ ಆಗಿರಲಿಲ್ಲ. ಜನವರಿ 18ರಂದು ಕಾಂಗ್ರೆಸ್ ಶಾಸಕಾಂಗ ಪಕ್ಷದ ಸಭೆಗೆ ನಾಲ್ವರು ಬರಲಿಲ್ಲ, ಉಳಿದವರನ್ನು ಅಲ್ಲಿಂದಲೇ ಬಿಡದಿಗೆ ಬಸ್ ಹತ್ತಿಸಿದರು. ಬಾರದ ನಾಲ್ವರಲ್ಲಿ ಒಬ್ಬರು ಚಿಂಚೋಳಿಯ ಶಾಸಕ ಉಮೇಶ ಜಾಧವ್. ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಕಲಬುರಗಿ ಲೋಕಸಭೆಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನು ಸೋಲಿಸಿದರು. ಅವರಿಂದ ತೆರವಾದ ಸೀಟಿಗೆ ಮೇ 19ಕ್ಕೆ ಉಪಚುನಾವಣೆ, ಮಗ ಅವಿನಾಶ್ ಗೆದ್ದರು. ಚಿಂಚೋಳಿಯ ಮತದಾರರು ಒಂದು ತಿಂಗಳೊಳಗೆ ಎರಡು ಸಲ ಉರಿಬಿಸಿಲಲ್ಲಿ ಸರದಿ ನಿಂತರು. ಅದೇ ವರ್ಷ ಟೀವಿಯಲ್ಲಿ ಮೇಲಿಂದ ಮೇಲೆ ಸ್ಪ್ರಿಂಕ್ಲರ್ ತಿರುಗುವ ಆ ಹಸಿರು.

ಎಲ್ಲ ಪಕ್ಷಕ್ಕೂ ಗಾಲ್ಫ್ ರೆಸಾರ್ಟೇ ಯಾಕೆ ಬೇಕಾಯಿತು? ನಗರದ ಹೋಟೆಲಿಗೆ ನಾಲ್ಕು ಬಾಗಿಲು, ಯಾರು ಬೇಕಾದರೂ ಲಾಬಿಗೆ ಬಂದು ಕೂರಬಹುದು. ಗಾಲ್ಫ್ ರೆಸಾರ್ಟಿಗೆ ಉದ್ದ ಕಾಂಪೌಂಡು, ಒಂದು ಗೇಟು, ಗೇಟಿಗೂ ರೂಮಿಗೂ ನಡುವೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದ ಬಯಲು. ನಡೆದು ಹೋಗುವವನು ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣ್ತಾನೆ. ಯಾವ ಆರ್ಕಿಟೆಕ್ಚರ್ ವಿಮರ್ಶಕರೂ ಹೇಳದ ಸತ್ಯವನ್ನು ನಮ್ಮ ರಾಜಕಾರಣಿಗಳು ಕಂಡುಹಿಡಿದರು: ಈ ಜಾಗಗಳ ಮುಖ್ಯ ವಿನ್ಯಾಸ ಫೇರ್‌ವೇಯಲ್ಲಿಲ್ಲ, ಗೇಟಿನಲ್ಲಿದೆ. ಭಾನುವಾರದ ಸೇಂಟ್ ಆಂಡ್ರೂಸ್‌ನಿಂದ ಇಲ್ಲಿಗೆ ಎಷ್ಟು ದೂರ ಬಂದಿದೀವಿ ನೋಡಿ.

ಹಾಗಾದರೆ ಬಡಪಾಯಿ ನೆಲದಲ್ಲಿ, ಬೇರೆ ಯಾವುದಕ್ಕೂ ಬಾರದ ಜಾಗದಲ್ಲಿ ಕೋರ್ಸ್ ಮಾಡಿದರೆ ಒಳ್ಳೆಯದಲ್ಲವೇ ಅಂತ ನೀವು ಕೇಳಬಹುದು. ಮೂಲ ಲಿಂಕ್ಸ್ ಇದ್ದದ್ದೇ ಹಾಗಲ್ಲವೇ? ಈ ಮಾತನ್ನು ನಾನು ಊರಿನ ಗೆಳೆಯರ ಬಾಯಲ್ಲೂ ಕೇಳಿದ್ದೀನಿ. ವಾಡಿ-ಶಹಾಬಾದ ಸುತ್ತ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಶಹಾಬಾದಿನ ಪರಸಿ ಕಲ್ಲು ಅರ್ಧ ದಕ್ಷಿಣ ಭಾರತದ ಅಡುಗೆಮನೆಗೆ ನೆಲ ಹಾಸಿದೆ. ವಾಡಿಯಲ್ಲಿ 1968ರಿಂದ ಎಸಿಸಿ ಕಾರ್ಖಾನೆ, ಸೇಡಂ, ಮಳಖೇಡ, ಚಿತ್ತಾಪುರ ಕಡೆ ಇನ್ನೂ ಹಲವು ಸಿಮೆಂಟ್ ಕಾರ್ಖಾನೆ. ನೀವು ಬೆಂಗಳೂರಿನಲ್ಲಿ ಗಾಲ್ಫ್ ವ್ಯೂ ಫ್ಲ್ಯಾಟ್ ತಗೊಂಡಿದ್ದರೆ, ಆ ಬಾಲ್ಕನಿಯಲ್ಲಿ ನಮ್ಮೂರಿನ ನೆಲ ಸ್ವಲ್ಪ ಇರೋ ಸಾಧ್ಯತೆ ಇದೆ. 'ಈ ತಗ್ಗುಗಳನ್ನ ಗಾಲ್ಫ್ ಮಾಡಿದ್ರ ಹೈದರಾಬಾದಿನ ಮಂದಿ ಬರ್ತಾರ' ಅಂತ ಗೆಳೆಯನೊಬ್ಬ ಪಿಪಿಟಿ ಮಾಡುವಷ್ಟು ದೂರ ಹೋಗಿದ್ದ.

ಅವನ ಐಡಿಯಾ ಹೊಸದೇನಲ್ಲ. ಅಮೆರಿಕದ ಫ್ಲಾರಿಡಾದ ಬ್ಲ್ಯಾಕ್ ಡೈಮಂಡ್ ರಾಂಚ್ ಕೋರ್ಸಿನ ಹೆಸರಾಂತ ಹೋಲುಗಳು ಸುಣ್ಣದಕಲ್ಲಿನ ಹಳೆಯ ಖಣಿಯ ಅಂಚಿನಲ್ಲೇ ಇವೆ. ಕೆನಡಾದ ವಿಕ್ಟೋರಿಯಾ ಬಳಿ ಸಿಮೆಂಟ್ ಉದ್ಯಮಿ ಬುಚಾರ್ಟ್ ಖಾಲಿಮಾಡಿದ ಖಣಿಯಲ್ಲಿ ಅವರ ಹೆಂಡತಿ ಜೆನ್ನಿ ಹೂದೋಟ ಮಾಡಿದರು, ನೂರು ವರ್ಷ ದಾಟಿದರೂ ಜನ ಟಿಕೆಟ್ ಕೊಂಡು ನೋಡ್ತಾರೆ. ನಮಗೆ ಹೆಚ್ಚು ಹತ್ತಿರದ ಪಾಠ ಮಾತ್ರ ಮಿಶಿಗನ್ ರಾಜ್ಯದ ಬೇ ಹಾರ್ಬರ್. ಅಲ್ಲಿನ ಸಿಮೆಂಟ್ ಕಾರ್ಖಾನೆ ಮುಚ್ಚಿದ ಮೇಲೆ, 1990ರ ದಶಕದಲ್ಲಿ ಆ ಜಾಗವನ್ನು ಐಷಾರಾಮಿ ರೆಸಾರ್ಟ್ ಮತ್ತು ಗಾಲ್ಫ್ ಕೋರ್ಸ್ ಮಾಡಿದರು. ಒಂದು ಒಂಬತ್ತು ಹೋಲಿನ ಹೆಸರೇ ಕ್ವಾರಿ. ಫೋಟೊ ನೋಡಿದರೆ ಎದೆ ಝಲ್ಲೆನ್ನುತ್ತೆ, ನಿಜಕ್ಕೂ ಚಂದ. ಆದರೆ ಕಾರ್ಖಾನೆ ಬಿಟ್ಟು ಹೋದ ಕಿಲ್ನ್ ಧೂಳಿನ ರಾಶಿ ಕೆಳಗೇ ಉಳಿದಿತ್ತು. ಅದರ ಮೂಲಕ ಇಳಿದ ನೀರು ಸುಡುವಷ್ಟು ಕ್ಷಾರವಾಗಿ ಪಕ್ಕದ ಮಿಶಿಗನ್ ಸರೋವರಕ್ಕೆ ಜಿನುಗುತ್ತಿದೆ ಅಂತ 2004ರಲ್ಲಿ ಗೊತ್ತಾಯಿತು, ದಡದ ಕೆಲವು ಭಾಗಕ್ಕೆ ಜನ ಇಳಿಯದಂತೆ ಮಾಡಬೇಕಾಯಿತು, ಆ ನೀರನ್ನು ಹಿಡಿದು ಶುದ್ಧಮಾಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಹಸಿರು ಹೊದಿಸಿದರೆ ಗಾಯ ಮುಚ್ಚುತ್ತೆ, ವಾಸಿಯಾಗಿದೆ ಅಂತ ಅರ್ಥವಲ್ಲ.

ಭಾರತದಲ್ಲಿ ಗಣಿ ಮುಚ್ಚುವಾಗ ಏನು ಮಾಡ್ತೀರಿ ಅನ್ನೋ ಯೋಜನೆಯನ್ನು ಗಣಿ ಕಂಪನಿ ಕೊಡಲೇಬೇಕು, 2003ರಿಂದ ಆ ನಿಯಮ ಇದೆ. ಆ ಯೋಜನೆಯಲ್ಲಿ ನಮ್ಮೂರಿಗೆ ಏನು ಬೇಕು ಅಂತ ನನ್ನನ್ನು ಕೇಳಿದರೆ ಹದಿನೆಂಟು ಹೋಲ್ ಅಂತ ಹೇಳಲ್ಲ. ಮಳೆನೀರು ನಿಂತ ಖಣಿಗೆ ಬೇಲಿ, ಇಳಿಯೋಕೆ ಮೆಟ್ಟಿಲು, ಸುತ್ತ ಬೇವಿನ ಮರ. ಈಜೋಕೆ ಇಳಿಯುವ ಹುಡುಗರು ಜೀವಂತ ವಾಪಸ್ ಬರಬೇಕು, ಎಮ್ಮೆಗೆ ನೀರು ಸಿಗಬೇಕು. ಚಿಂಚೋಳಿ ಕಡೆ ನೋಡಿ, 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದ ಕಾಡಿದೆ, ಚಂದ್ರಂಪಳ್ಳಿ ಜಲಾಶಯ ಇದೆ, ಗೊಟ್ಟಂಗೊಟ್ಟದ ಬೆಟ್ಟ ಇದೆ. ಆಗಸ್ಟಿನಲ್ಲಿ ಯಾವ ಪಂಪೂ ಇಲ್ಲದೆ ಹಸಿರಾಗಿ, ಮಾರ್ಚಿನಲ್ಲಿ ಯಾವ ನಾಚಿಕೆಯೂ ಇಲ್ಲದೆ ಕಂದಾಗುವ ನೆಲ ಹೇಗಿರುತ್ತೆ ಅಂತ ನೋಡಬೇಕಿದ್ದರೆ ಅಲ್ಲಿಗೆ ಹೋಗಿ. ಕಿಟ್ ಬೇಡ, ನೀರಿನ ಬಾಟಲಿ ಸಾಕು.

ಆದರೂ ಗೆಳೆಯನ ಪಿಪಿಟಿ ಬಗ್ಗೆ ನನಗೆ ಒಂದು ಆಸೆ ಉಳಿದಿದೆ, ಹೇಳಿಬಿಡ್ತೀನಿ. ಆಸ್ಟ್ರೇಲಿಯದ ಕೂಬರ್ ಪೀಡಿ ಅನ್ನೋ ಓಪಲ್ ಗಣಿಯ ಊರಿನಲ್ಲಿ ಒಂದು ಕೋರ್ಸಿದೆ, ಅಲ್ಲಿ ಹುಲ್ಲೇ ಇಲ್ಲ. ಬರೀ ಧೂಳು, ಕಲ್ಲು. ಆಟಗಾರ ಒಂದು ತುಂಡು ಹಸಿರು ಮ್ಯಾಟನ್ನು ಕೈಯಲ್ಲಿ ಹಿಡ್ಕೊಂಡು ಹೋಗಿ ಅದರ ಮೇಲೆ ಚೆಂಡಿಟ್ಟು ಹೊಡೀತಾನೆ. ಗ್ರೀನ್ ಅನ್ನೋ ಜಾಗದಲ್ಲಿ ಎಣ್ಣೆ ಬೆರೆಸಿ ಗಟ್ಟಿಮಾಡಿದ ಮರಳು. ಬಿಸಿಲು ತಡೆಯಲಾಗದೆ ರಾತ್ರಿ ಹೊಳೆಯುವ ಚೆಂಡಿನಲ್ಲಿ ಆಡ್ತಾರೆ. ಆ ಧೂಳಿನ ಕ್ಲಬ್ಬಿಗೆ ಸೇಂಟ್ ಆಂಡ್ರೂಸ್ ಜೊತೆ ಪರಸ್ಪರ ಆಡುವ ಒಪ್ಪಂದ ಇದೆ! ಸೇಡಂ ರೋಡಿನ ಬದಿಯಲ್ಲಿ ಯಾರಾದರೂ ಹಾಗೆ ಒಂಬತ್ತು ಹೋಲ್ ಮಾಡಿದರೆ, ಡಿಸೆಂಬರ್ ಮುಂಜಾವಿನಲ್ಲಿ, ಪರಸಿ ಕಲ್ಲಿನ ಮೇಲೆ ಚೆಂಡು ಎಲ್ಲಿಗೋ ಪುಟಿದು ಹೋಗುವ ಆಟ ಆಡೋಕೆ ನಾನು ರಜೆ ಹಾಕಿ ಬರ್ತೀನಿ. ಅದನ್ನು ಬೇರೆ ಜಿಲ್ಲೆಯಲ್ಲಿ ಎತ್ತಿಡೋಕೆ ಆಗಲ್ಲ. ನನ್ನ ಅಳತೆಗೋಲಿಗೆ ಪೂರಾ ಅಂಕ.

ಅಲ್ಲಿಯವರೆಗೆ ಇರುವುದರಲ್ಲೇ ಆರಿಸಬೇಕು. ಗಾಲ್ಫ್‌ಶೈರ್ ದೊಡ್ಡದು, 275 ಎಕರೆಯ ಟೌನ್‌ಶಿಪ್, ನಂದಿ ಬೆಟ್ಟ ಕಾಣುತ್ತೆ, ಎಲ್ಲ ಅಚ್ಚುಕಟ್ಟು. ನನಗೆ ಅಲ್ಲಿ ಆಡುವಾಗ ಯಾರದೋ ಬಾಲ್ಕನಿಯ ವ್ಯೂ ಆಗಿ ನಡೀತಿದೀನಿ ಅನ್ನಿಸುತ್ತೆ. ಅಲ್ಲಿ ವಿಲ್ಲಾ ಮುಖ್ಯ, ಕೋರ್ಸು ಅದರ ಅಂಗಳ. ಬಿಡದಿಯ ಗುಣ ಅಂದರೆ ದೂರ ಇಲ್ಲ. ಮಧ್ಯಾಹ್ನ ಹೊರಟು ಸಂಜೆ ಆಡಬಹುದು, ಟ್ರಾಫಿಕ್ ಕರುಣಿಸಿದರೆ. ಮೈಸೂರಿನದು ರೇಸ್ ಕೋರ್ಸಿನ ಮಗ್ಗುಲಲ್ಲಿ, ಚಾಮುಂಡಿ ಬೆಟ್ಟದ ಕೆಳಗೆ. ಹಳೆಯ ಮರ, ಹಳೆಯ ಕ್ಯಾಡಿಗಳು, ಜಂಬ ಕಮ್ಮಿ. ಕ್ಯಾಡಿಯ ಮಾತು ಕೇಳಿ ಆಡಿದರೆ ಸ್ಕೋರು ನಾಲ್ಕು ಇಳಿಯುತ್ತೆ, ಜೊತೆಗೆ ಊರಿನ ಸುದ್ದಿ ಪುಕ್ಕಟೆ.

ನಿಜವಾದ ಪೈಪೋಟಿ ಕಾಣಕೋಣಕ್ಕೂ ಕೊಡಗಿಗೂ. ಕಾರವಾರ ದಾಟಿ ಸಿಗುವ ಕಾಣಕೋಣದ ರಾಜಬಾಗದಲ್ಲಿ ತಾಳಪೋಣ ನದಿಗೂ ಸಮುದ್ರಕ್ಕೂ ನಡುವಿನ ನೆಲದಲ್ಲಿ ಒಂಬತ್ತು ಹೋಲ್, ಜೋಡಿ ಗ್ರೀನು, ಎರಡು ಸುತ್ತು ಹೊಡೆದರೆ ಹದಿನೆಂಟು. ಮರಳುನೆಲ, ಕಡಲಗಾಳಿ. ಹುಟ್ಟೂರಿನ ಲಿಂಕ್ಸ್‌ಗೆ ನಮ್ಮ ಕಡೆ ಅತಿ ಹತ್ತಿರದ ಸಂಬಂಧಿ ಅದೇ, ಮಧ್ಯಾಹ್ನ ಎರಡರ ನಂತರದ ಗಾಳಿಗೆ ನೆಟ್ಟಗೆ ಹೊಡೆದ ಚೆಂಡೂ ತಿರುಗುತ್ತೆ. ಜೊತೆಯಲ್ಲಿ ಆಡದವರು ಇದ್ದರೆ ಬೀಚ್ ಇದೆ, ಅವರು ನಿಮ್ಮನ್ನು ಬೈಯಲ್ಲ. ಆದರೆ ಕಡಲಂಚಿನ ರೆಸಾರ್ಟುಗಳ ಎದುರು ನನ್ನ ಹಳೇ ತಕರಾರು ಇಲ್ಲೂ ಇದೆ, ಲಿಂಕ್ಸಿನ ಗುಣ ಇದ್ದರೂ ಗೇಟಿನ ಗುಣ ಹೋಗಿಲ್ಲ.

ನಾನು ಆರಿಸೋದು ವಿರಾಜಪೇಟೆ ಹತ್ತಿರದ ಬಿಟ್ಟಂಗಾಲ. ಕೂರ್ಗ್ ಗಾಲ್ಫ್ ಲಿಂಕ್ಸ್ ಅಂತ ಹೆಸರು. ಲಿಂಕ್ಸ್ ಅನ್ನೋ ಪದ ಅಲ್ಲಿಗೆ ಹೊಂದಲ್ಲ, ಸಮುದ್ರ ಎಲ್ಲೋ ಇದೆ, ಹೋಗಲಿ ಬಿಡಿ. ಕಲಬುರಗಿಗೆ ಬೀಳುವುದರ ಎರಡು-ಮೂರು ಪಟ್ಟು ಮಳೆ ಅಲ್ಲಿ ಬೀಳುತ್ತೆ. ಮಳೆಗಾಲ ಕಳೆದು ಕೆಲವು ತಿಂಗಳು ಹುಲ್ಲು ತನ್ನ ಪುಣ್ಯಕ್ಕೆ ತಾನು ಹಸಿರಾಗಿರುತ್ತೆ. ಏರಿಳಿತ ಬೆಟ್ಟದ್ದೇ, ಅದಕ್ಕೆ ಮಂಡಿನೋವು ಇರುವವರು ಕಾರ್ಟ್ ತಗೊಳ್ಳೋದು ವಾಸಿ. ಸುತ್ತ ಕಾಫಿ ತೋಟ, ಅದು ಯಾರ ವ್ಯೂಗೂ ಅಂತ ಬೆಳೆಸಿದ್ದಲ್ಲ, ಅದರ ಪಾಡಿಗೆ ಅದು ಬೆಳೆ. ದೊಡ್ಡ ರೆಸಾರ್ಟಿನ ಸೌಕರ್ಯ ಹುಡುಕಬೇಡಿ, ಸಿಗಲ್ಲ. ಉಳಿಯೋಕೆ ಸುತ್ತಮುತ್ತ ಹೋಮ್‌ಸ್ಟೇ ನೋಡಿಕೊಳ್ಳಿ. ಕೊಡಗು ಟೂರಿಸ್ಟರ ಭಾರಕ್ಕೆ ಬಗ್ಗಿದೆ, 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ್ದು ಮರೆಯೋ ಮಾತಲ್ಲ, ಹಾಗಾಗಿ ಇಡೀ ಆಫೀಸನ್ನು ನಾಲ್ಕು ಬಸ್ಸಿನಲ್ಲಿ ತುಂಬಿಕೊಂಡು ಹೋಗಬೇಡಿ. ನಾಲ್ಕು ಜನ, ಒಂದು ಕಾರು.

ಜುಲೈ ಬೇಡ, ಮಳೆ ಆಡೋಕೆ ಬಿಡಲ್ಲ. ಏಪ್ರಿಲ್ ಬೇಡ. ನವೆಂಬರಿನಲ್ಲಿ ಹೋಗಿ, ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಇಬ್ಬನಿಯಲ್ಲಿ ಶೂ ಒದ್ದೆಯಾಗುತ್ತೆ, ಇನ್ನೊಂದು ಜೊತೆ ಸಾಕ್ಸ್ ಇರಲಿ. ಚೆಂಡು ಮಾತ್ರ ಒಂದು ಡಜನ್ ಜಾಸ್ತಿ ತಗೊಂಡು ಹೋಗಿ. ಕಾಫಿ ಗಿಡದೊಳಗೆ ಹೋದದ್ದು ವಾಪಸ್ ಬರಲ್ಲ, ಹುಡುಕೋಕೆ ಹೋದರೆ ಜಿಗಣೆ.